ಹಾಡು ಮುಗಿದ ಮೇಲಿನ ಒಂಬತ್ತು ಸೆಕೆಂಡು

ಪುಸ್ತಕದ ಬೆನ್ನಿಗೆ ನಂಬರಿನ ಚೀಟಿ ಸೊಟ್ಟಗೆ ಅಂಟಿದ್ದರೆ ನನಗೆ ಅಂದಿನ ಊಟ ರುಚಿಸುವುದಿಲ್ಲ. ಬೆಳಗಾವಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳು ನಾನು. ಹಾಗಾಗಿ ಖಾನಾಪುರದ ಚಿಗವ್ವ, ಅಂದರೆ ನನ್ನ ಅವ್ವನ ತಂಗಿ, ಒಂದು ಪೆನ್‌ಡ್ರೈವ್ ಕೈಗಿಟ್ಟಾಗ ಒಳಗೊಳಗೇ ಖುಷಿಯಾಯಿತು.

ಆಕೆಯ ಗಂಡ, ನಮ್ಮ ಕಾಕಾ, ತೀರಿಕೊಂಡು ವರ್ಷವಾಗಿತ್ತು. ಪ್ರತಿ ಸೋಮವಾರ ಅವರ ಮನೆಯ ಪಡಸಾಲೆಯಲ್ಲಿ ಭಜನೆ ನಡೆಯುತ್ತಿತ್ತು. ಕಾಕಾ ಹಾರ್ಮೋನಿಯಂ ಪೇಟಿ ಬಾರಿಸುತ್ತ ಹಾಡುತ್ತಿದ್ದರು. ಮಂಡಳಿಯವರೊಬ್ಬರು ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಆ ಮೊಬೈಲು ಕೆಟ್ಟುಹೋಗಿ, ಉಳಿದದ್ದು ಈ ಪೆನ್‌ಡ್ರೈವ್ ಒಂದೇ. ಅದರಲ್ಲಿ ಹಾಡಿನ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಬರೀ ಉದ್ದುದ್ದ ಅಂಕಿಗಳು.

“ನೀ ಲೈಬ್ರರಿಯಾಕಿ. ಇವರವಷ್ಟ ಬ್ಯಾರೆ ಮಾಡಿ ನನ್ನ ಫೋನಿನ್ಯಾಗ ಹಾಕಿಕೊಡವಾ,” ಎಂದಳು ಚಿಗವ್ವ. “ಇಷ್ಟ ದಿನ ಕೇಳಾಕ ಧೈರ್ಯ ಆಗಲಿಲ್ಲ. ಈಗ ಕೇಳಬೇಕ ಅನಸಾಕತ್ತೇತಿ.”

ಪೀರನವಾಡಿಯ ನನ್ನ ಮನೆಯಲ್ಲಿ ಎರಡು ರವಿವಾರ ಕುಳಿತೆ. ಹಾಡುಗಳನ್ನು ಜೋಡಿಸಿಡುವ ಸಾಫ್ಟ್‌ವೇರ್ ಒಂದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಒಂದೊಂದನ್ನೂ ಕೇಳಿ, ಮೊದಲ ಸಾಲನ್ನು ಹಾಡಿನ ಹೆಸರಾಗಿ ಬರೆದೆ; ಕಲಾವಿದರು ಎಂಬ ಖಾನೆಯಲ್ಲಿ ಕಾಕಾನ ಹೆಸರು ತುಂಬಿದೆ. ಹಾಡಿನ ಹಿಂದೆ ಮುಂದೆ ಇದ್ದ ಕೆಮ್ಮು, ಹರಟೆ, ಕಪ್ಪುಬಸಿಯ ಸದ್ದು ಎಲ್ಲ ಕತ್ತರಿಸಿ ಒಗೆದೆ. ಅಂಗಳ ಗುಡಿಸಿದಷ್ಟು ಸಮಾಧಾನವಾಯಿತು. ಪೆನ್‌ಡ್ರೈವಿನಲ್ಲಿದ್ದ ಹಳೆಯದನ್ನೂ ಅಳಿಸಿ, ಸ್ವಚ್ಛ ಮಾಡಿದ್ದನ್ನೇ ತುಂಬಿದೆ. ಕೊನೆಗೆ ಮಾಹಿತಿಯನ್ನು ತಾನಾಗಿಯೇ ಸರಿಪಡಿಸುವ ಗುಂಡಿಯೊಂದು ಕಂಡಿತು. ಅದನ್ನೂ ಒತ್ತಿದೆ. ಏನು ಸರಿಪಡಿಸಿತೆಂದು ತಿರುಗಿ ನೋಡಲಿಲ್ಲ. ಅತಿ ಶಾಣ್ಯಾತನ ಅಂದರೆ ಇದೇ.

ಚಿಗವ್ವನಿಗೆ ಬೆಳಗಾವಿಯ ರವಿವಾರ ಪೇಟೆಯ ಒಂದೇ ಅಂಗಡಿಯ ಚಹಾಪುಡಿ ಆಗಬೇಕು. ಅದನ್ನು ಕಟ್ಟಿಸಿಕೊಂಡು ಖಾನಾಪುರದ ಬಸ್ಸು ಹಿಡಿದೆ. ಆಕೆ ಕನ್ನಡಕ ಏರಿಸಿ, ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಳು. ಹಾಡುಗಳನ್ನು ಆಕೆಯ ಫೋನಿಗೆ ತುಂಬಿ, ಮೊದಲನೆಯದನ್ನು ಹಚ್ಚಿದೆ. ಕಾಕಾನ ದನಿ ಬಂತು. ಆಕೆ ಫೋನನ್ನೇ ನೋಡಿದಳು, ಆಮೇಲೆ ಅದನ್ನು ಬೋರಲು ಮಾಡಿ ನೆಲದ ಮೇಲಿಟ್ಟಳು.

“ದನಿ ಇವರದು. ಮಾರಿ ಯಾರದವಾ ಇದು?”

ತೆಗೆದು ನೋಡಿದರೆ ಶಾಲು ಹೊದ್ದ ಯಾವುದೋ ದೊಡ್ಡ ಗಾಯಕರ ಫೋಟೊ; ಕೆಳಗೆ ಅವರದೇ ಹೆಸರು. ಅದೇ ಭಜನೆಯ ಪದವನ್ನು ಅವರೂ ಎಲ್ಲೋ ಹಾಡಿರಬೇಕು. ಸಾಫ್ಟ್‌ವೇರು ಪದವನ್ನು ಗುರುತು ಹಿಡಿದು, ನಮ್ಮ ಕಾಕಾನನ್ನು ಎಬ್ಬಿಸಿ ಅವರನ್ನು ಕೂರಿಸಿತ್ತು. ಎಲ್ಲ ಹಾಡುಗಳದೂ ಇದೇ ಗತಿ. ನನಗೆ ಉರಿದುಹೋಯಿತು. ಜೊತೆಗೆ ತಂದಿದ್ದ ಲ್ಯಾಪ್‌ಟಾಪ್ ಬಿಚ್ಚಿ, ಫೋಟೊ ಕಿತ್ತುಹಾಕಿ, ಹಾಡಿದವರ ಹೆಸರಿನ ಖಾನೆ ಖಾಲಿ ಮಾಡಿದೆ.

“ಈ ಸಲ ಇಲ್ಲಿ ಕಾಕಾನ ಹೆಸರ ಹೆಂಗ ಬರೀಲಿ? ಮನಿತನದ ಅಡ್ಡಹೆಸರೂ ಬೇಕೇನ? ನೀನ ಹೇಳು.”

“ನಾ ಹೆಂಗ ಹೇಳಲಿ ಹುಚ್ಚಿ?” ಎಂದು ನಕ್ಕಳು. ಚಿಗವ್ವ ಗಂಡನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲೂ ಬಾಜು ನಿಂತವರಿಂದ ಹೇಳಿಸುತ್ತಿದ್ದಳು. “ಮನಿಯವರು ಅಂತ ಬರಿ. ನನಗ ತಿಳೀತೈತಿ, ಸಾಕು.”

ಹಾಗೆಯೇ ಬರೆದೆ. ಕಲಾವಿದರು: ಮನಿಯವರು. ನನ್ನ ಇಪ್ಪತ್ತೆಂಟು ವರ್ಷದಲ್ಲಿ ಇಂಥ ನಮೂದು ಮಾಡಿದ್ದು ಅದೇ ಮೊದಲು.

ಮತ್ತೆ ಹಾಡು ಶುರುವಾಯಿತು. ಆದರೆ ಪ್ರತಿ ಹಾಡು ಮುಗಿದಾಗಲೂ ಚಿಗವ್ವ ಕತ್ತು ವಾಲಿಸಿ ಏನನ್ನೋ ಕಾಯುತ್ತಿದ್ದಳು. ಮುಂದಿನ ಹಾಡು ಬಂದರೆ ಮೋರೆ ಸಣ್ಣದಾಗುತ್ತಿತ್ತು. ಐದನೆಯದು ಮುಗಿದ ಮೇಲೆ ಕೇಳಿದಳು.

“ಮುಂದಿಂದ ಎಲ್ಲೈತಿ?”

“ಮುಂದಿನ ಹಾಡ ಬಂತಲ್ಲ.”

“ಹಾಡಲ್ಲವಾ. ಹಾಡ ಮುಗದ ಮ್ಯಾಲೆ ಪೇಟಿ ಮುಚ್ಚಿ ಅಡಗಿಮನಿ ಕಡೆ ಹೊಳ್ಳಿ, ‘ಕೇಳಿತೇನ? ಚಾ ತಗೊಂಡ ಬಾ’ ಅಂತಿದ್ರಲ್ಲ. ಹಾಡೆಲ್ಲಾ ನನಗ ಬಾಯಿಪಾಠ ಅದಾವು. ನಾ ಅದನ್ನ ಕೇಳೂಣಂತ ಕುಂತಿದ್ದೆ.”

ಕೆಲಸವಿಲ್ಲದ ಬಡಿಗ ಮಗನ ಕುಂಡಿ ಕೆತ್ತಿದನಂತೆ. ನಾನು ಮಾಡಿದ್ದೂ ಅದನ್ನೇ. ಎರಡು ರವಿವಾರ ಕುಳಿತು, ಕಸವೆಂದು ಆ ಮಾತನ್ನೇ ಪ್ರತಿ ಹಾಡಿನ ತುದಿಯಿಂದ ಕೊಯ್ದು ಹಾಕಿದ್ದೆ. ಪೆನ್‌ಡ್ರೈವನ್ನೂ ಬಿಟ್ಟಿರಲಿಲ್ಲ. ತಪ್ಪು ಹೇಳಿಕೊಂಡೆ. ಆಕೆ ಬೈದಿದ್ದರೆ ಚೆನ್ನಾಗಿತ್ತು.

“ಇರಲಿ ಬಿಡು. ದನಿ ಆದ್ರೂ ಉಳೀತಲ್ಲ,” ಎಂದು ನನ್ನ ಬೆನ್ನು ಸವರಿ ಚಹಾಕ್ಕೆ ಇಡಲು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದಾಗ ಸಾಫ್ಟ್‌ವೇರು ತನ್ನ ನಿತ್ಯದ ಪಿರಿಪಿರಿ ಶುರುಮಾಡಿತು: ಒಂದು ಹಾಡು ಎರಡು ಸಲ ಇದೆ, ಒಂದನ್ನು ಅಳಿಸಲೇ? ಎರಡು ವಾರದಿಂದ ಕೇಳುತ್ತಲೇ ಇತ್ತು. ಒಮ್ಮೆ ಅಳಿಸಲು ಬೆರಳು ಇಟ್ಟೂ ಇದ್ದೆ. ಹಾಲಿನವನು ಬಾಗಿಲು ಬಡಿದನೆಂದು ಎದ್ದುಹೋಗಿ ಮರೆತಿದ್ದೆ. ಈಗ ಆ ಎರಡನ್ನೂ ದಿಟ್ಟಿಸಿದೆ. ಹೆಸರು ಒಂದೇ, ಹಾಡಿದವರು ಒಬ್ಬರೇ. ಉದ್ದ ಮಾತ್ರ ಬೇರೆ. ಒಂದು ಇನ್ನೊಂದಕ್ಕಿಂತ ಒಂಬತ್ತು ಸೆಕೆಂಡು ಹೆಚ್ಚಿತ್ತು. ಪೆನ್‌ಡ್ರೈವಿನಲ್ಲಿ ಆ ಹಾಡು ಎರಡು ಸಲ ಇದ್ದದ್ದರಿಂದ, ಒಂದನ್ನು ಕತ್ತರಿಸಿ, ಇನ್ನೊಂದನ್ನೂ ಕತ್ತರಿಸಿದ್ದೇನೆಂದು ತಿಳಿದು ಹೆಸರಷ್ಟೇ ಬರೆದು ಬಿಟ್ಟಿದ್ದೆ.

ಅದನ್ನು ನಾನು ಹಚ್ಚಿ ನೋಡಲಿಲ್ಲ. ಮೊದಲು ಕೇಳುವ ಹಕ್ಕು ನನ್ನದಲ್ಲ ಅನ್ನಿಸಿತು. ಕಾಲೇಜಿಗೆ ರಜೆ ಹೇಳಿ, ಮತ್ತೆ ಖಾನಾಪುರದ ಬಸ್ಸು ಹತ್ತಿದೆ. ಆ ಒಂಬತ್ತು ಸೆಕೆಂಡಿನಲ್ಲಿ ಬರೀ ಕೆಮ್ಮಿದ್ದರೆ ಏನು ಗತಿ ಎಂದು ದಾರಿಯುದ್ದಕ್ಕೂ ಹೆದರಿಕೆ.

ಚಿಗವ್ವ ಸೊಪ್ಪು ಸೋಸುತ್ತ ಕುಳಿತಿದ್ದಳು. ಏನೂ ಹೇಳದೆ ಹಾಡು ಹಚ್ಚಿ ಪಕ್ಕದಲ್ಲಿಟ್ಟೆ. ಆಕೆ ಸೊಪ್ಪು ಸೋಸುತ್ತಲೇ ಗುನುಗಿದಳು. ಹಾಡು ಮುಗಿಯಿತು. ತಾಳ ಕೆಳಗಿಟ್ಟ ಸದ್ದು. ಯಾರೋ ಕೆಮ್ಮಿದರು. ಪೇಟಿಯ ಮುಚ್ಚಳ ಬಿತ್ತು. ಆಮೇಲೆ ಕಾಕಾ, ಸ್ವಲ್ಪ ದೂರಕ್ಕೆ ತಿರುಗಿದ ದನಿಯಲ್ಲಿ:

“ಕೇಳಿತೇನ? ಆರು ಮಂದಿ ಅದೀವಿ ನೋಡು.”

“ಹೂಂ, ಬಂದೆ ರೀ,” ಎಂದಳು ಚಿಗವ್ವ.

ಫೋನು ಸುಮ್ಮನಾಗಿತ್ತು. ಮಡಿಲಿನ ಸೊಪ್ಪು ನೆಲಕ್ಕೆ ಚೆಲ್ಲಿತ್ತು; ಆಕೆ ಆಗಲೇ ಅರ್ಧ ಎದ್ದು ನಿಂತಿದ್ದಳು.