ಕಾಶಿಬಾಯಿಗೆ ಬಳಪ ಕೊಟ್ಟ ಪತ್ರ ಬರಹಗಾರ

ಬೆಳಗಿನ ಐದೂವರೆ. ನಾಗಪುರದ ಧರಮಪೇಠದ ಒಂದು ಮನೆಯ ಕಟ್ಟೆಯ ಮೇಲೆ ಗುರುಸಿದ್ದಪ್ಪನವರು ಕುಳಿತಿದ್ದಾರೆ. ಹಣೆಯ ವಿಭೂತಿ ಇನ್ನೂ ಆರಿಲ್ಲ. ಮನೆ ಮಾರುವವರ ಪತ್ರ ಬರೆಯುವುದು ಅವರ ಕಸುಬು. ಆದರೆ ಇಂದು ಕೈಯಲ್ಲಿರುವುದು ಪಾಟಿ. ಎದುರಿಗೆ ಮನೆಯೊಡತಿ ಕಾಶಿಬಾಯಿ ಬಳಪ ಹಿಡಿದು ಬೆವರುತ್ತಿದ್ದಾಳೆ.

"ಈ ವಯಸ್ನಾಗ ನನ್ನ ಸಾಲಿಗೆ ಹಾಕಿದ್ರಲ್ಲಾ ಅಣ್ಣಾರ!"

"ಸಾಲ್ಯಾಗ ಮಾಸ್ತರು ಬಡೀತಾರ. ನಾ ಬಡಿಯಂಗಿಲ್ಲ, ಬರಿ ತಂಗೆವ್ವ."

ಮಗಳು ಪ್ರಭಾ ಇಣುಕುತ್ತಾಳೆ. "ಅವ್ವಾ, ಆ ಅಕ್ಷರದ ಹೊಟ್ಟಿ ದೊಡ್ಡದಾತು."

"ನಿಮ್ಮಪ್ಪಂದೂ ಹಂಗ ಇತ್ತು, ಇರಲಿ ಬಿಡು," ಎಂದ ಕಾಶಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡು ಹತ್ತು ತಿಂಗಳು. ಪ್ರಭಾಳ ಮದುವೆ ಹುಬ್ಬಳ್ಳಿಯಲ್ಲಿ ನಿಶ್ಚಯವಾಗಿದೆ. ಅದು ನಡೆಯಬೇಕಾದರೆ ಈ ಮನೆ ಮಾರಲೇಬೇಕು. ಹಳೆಯ ಖರೀದಿ ಪತ್ರ, ತೆರಿಗೆಯ ರಸೀದಿ, ಮರಣದ ದಾಖಲೆ, ವಾರಸಾ ಕಾಗದ ಎಲ್ಲವನ್ನೂ ಗುರುಸಿದ್ದಪ್ಪನವರೇ ಓಡಾಡಿ ಕೂಡಿಸಿದ್ದಾರೆ. ಆದರೂ ಕಳೆದ ವಾರ ನೋಂದಣಿ ನಿಂತುಹೋಯಿತು. ಅಧಿಕಾರಿ ಗಂಡನ ಹೆಸರನ್ನು ಮೂರು ಸಲ ಕೇಳಿದರು. ಕಾಶಿಬಾಯಿ ತಲೆ ತಗ್ಗಿಸಿ ನಿಂತಳು. ಗಂಡನ ಹೆಸರನ್ನು ಆಕೆ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಗುರುತು ಖಚಿತವಾಗಲಿಲ್ಲವೆಂದು ಕಾಗದ ಹಿಂದಕ್ಕೆ ಬಂತು. ಕೊಳ್ಳುವವರು ಇಂದಿನವರೆಗೆ ಮಾತ್ರ ಕಾಯುತ್ತಾರೆ; ನಾಳೆ ರಾಮದಾಸಪೇಠದ ಮನೆಯೊಂದಕ್ಕೆ ಮಾತು ಕೊಡುವವರು.

"ಹೇಳಬಾರದೇನು ಅಂತ ಜನ ಬೈತಾರ," ಎನ್ನುತ್ತಾರೆ ಗುರುಸಿದ್ದಪ್ಪನವರು. "ನನ್ನಾಕಿ ನಲವತ್ತು ವರ್ಷ ನನ್ನ ಹೆಸರು ತಗೀಲಿಲ್ಲ. ಕಡೀ ಉಸಿರಿನಾಗೂ 'ಏನ್ರೀ' ಅಂದ್ಲು, ಹೋದ್ಲು. ಹಂತಾ ಬಾಯಿ ಬಿಡಸಾಕ ನಾ ಯಾರು?"

ಗದಗಿನಿಂದ ವಕೀಲರೊಬ್ಬರ ಗುಮಾಸ್ತರಾಗಿ ನಾಗಪುರಕ್ಕೆ ಬಂದವರು ಇವರು. ವಕೀಲರು ಕಾಲವಾದ ಮೇಲೆ ನೋಂದಣಿ ಕಚೇರಿಯ ಎದುರಿನ ಬೇವಿನ ಮರದಡಿ ಚಾಪೆ ಹಾಸಿದರು. ಅದಕ್ಕೆ ಇಪ್ಪತ್ತೆರಡು ವರ್ಷ. ದಿನಕ್ಕೆ ಎರಡೇ ಪತ್ರ. ಮೂರನೆಯದಕ್ಕೆ ಕಣ್ಣು ಒಪ್ಪುವುದಿಲ್ಲ. ಸ್ವಾತಂತ್ರ್ಯ ಬಂದು ಏಳು ವರ್ಷವಾದರೂ ಹೆಬ್ಬೆಟ್ಟುಗಳೇ ಹೆಚ್ಚು.

ಹನ್ನೊಂದಕ್ಕೆ ಕಚೇರಿಯಲ್ಲಿ ಅದೇ ಪ್ರಶ್ನೆ. ಗುರುಸಿದ್ದಪ್ಪನವರು ಕೈಮುಗಿದು, ಈಕೆ ಹೇಳುವುದಿಲ್ಲ, ಬರೆಯುತ್ತಾಳೆ ಎಂದು ಮರಾಠಿಯಲ್ಲಿ ಅರಿಕೆ ಮಾಡುತ್ತಾರೆ. ಅಧಿಕಾರಿ ಲೇಖನಿ ಮುಂದೆ ಚಾಚುತ್ತಾರೆ. ಕಾಶಿಬಾಯಿ ಮೊದಲು ತನ್ನ ಹೆಸರು ಬರೆಯುತ್ತಾಳೆ. ಪಕ್ಕದಲ್ಲಿ, ಒಂದೊಂದೇ ಮರಾಠಿ ಅಕ್ಷರವಾಗಿ, 'ಬಸವಂತ'. ಅಧಿಕಾರಿ ಮರಣದ ದಾಖಲೆಯೊಡನೆ ಹೋಲಿಸಿ ನೋಡಿ, ಏನೂ ಮಾತಾಡದೆ ಮುದ್ರೆ ಒತ್ತುತ್ತಾರೆ.

ಹೊರಗೆ ಬಂದ ಗುರುಸಿದ್ದಪ್ಪನವರು ಕನ್ನಡಕ ಒರೆಸುತ್ತ ಹೇಳುತ್ತಾರೆ: "ದಿನಾ ಹೆಬ್ಬೆಟ್ಟಿನ ಬಾಜೂಕ ಒತ್ತಿದವರ ಹೆಸರು ಬರಿಯಾವ ನಾನ. ಇವತ್ತ ಆ ಜಾಗಾ ಖಾಲಿ ಬಿಟ್ಟೆ, ಈಕಿನ ಬರದ್ಲು. ಹಿಂಗ ಇನ್ನೊಂದು ನಾಕು ಪತ್ರದಾಗ ಬಿಡೂವಂಗಾದ್ರ ಸಾಕು, ಶಿವ ಕೊಟ್ಟ ಕೆಲಸ ಬರೋಬರ್ ಮಾಡೀನಿ ಅಂತ ತಿಳಕೋತೀನಿ."