ಬಾಟಲಿಯಲ್ಲಿ ಇದ್ದದ್ದು ಅರಸಿನವೇ

ನಾನು ಹುಟ್ಟಾ ಹೆದರುಪುಕ್ಕಿ. ಅಮ್ಮನ ಹೃದಯದ ಕವಾಟ ಬದಲಿಸಿದ ಮೇಲಂತೂ ಅವಳು ಕೆಮ್ಮಿದರೂ ಓಡಿ ಬಂದು ನಾಡಿ ಹಿಡಿಯುತ್ತಿದ್ದೆ. ರಕ್ತ ತೆಳು ಮಾಡುವ ಮಾತ್ರೆಯನ್ನು ಅವಳು ಬದುಕಿರುವಷ್ಟು ದಿನ ನುಂಗಬೇಕು. ಅದರ ಲೆಕ್ಕ ತಪ್ಪಿದರೆ ಒಂದೋ ರಕ್ತ ಹೆಪ್ಪುಗಟ್ಟುತ್ತದೆ, ಇಲ್ಲವೋ ನಿಲ್ಲದೆ ಸೋರುತ್ತದೆ. ಹಾಗಾಗಿ ಫಳ್ನೀರಿನ ಆಸ್ಪತ್ರೆಯ ಡಾಕ್ಟರು ಪ್ರತಿ ಸಲವೂ ಕೇಳುತ್ತಿದ್ದರು: "ಬೇರೆ ಎಂತಾದ್ರೂ ಮದ್ದು ತಗೊಳ್ತೀರಾ?"

"ಎಂತದ್ದೂ ಇಲ್ಲ ಡಾಕ್ಟ್ರೇ," ಎನ್ನುತ್ತಿದ್ದೆವು ಇಬ್ಬರೂ ಒಟ್ಟಿಗೆ.

ತಮ್ಮನಿಗೆ ಹಡಗಿನಲ್ಲಿ ಕೆಲಸ. ಕಳೆದ ರಜೆಗೆ ಬಂದವನು ಜಪಾನಿನ ಯಾವುದೋ ಬಂದರಿನಲ್ಲಿ ಕೊಂಡ ಗುಳಿಗೆ ಬಾಟಲಿಯನ್ನು ಅಮ್ಮನ ಮೊಣಕಾಲು ನೋವಿಗೆಂದು ಕೊಟ್ಟು ಹೋಗಿದ್ದ. ನನಗೆ ಅದು ಸಿಕ್ಕಿದ್ದು ಉಪ್ಪಿನ ಭರಣಿಯ ಹಿಂದೆ. ಮೈತುಂಬ ಗೀಟುಗೀಟಿನ ಅಕ್ಷರ, ಒಂದೇ ಒಂದು ಇಂಗ್ಲಿಷ್ ಪದ ಇಲ್ಲ. ಇದೆಂತದ್ದು ಅಮ್ಮ ಎಂದು ಕೂಗಿದೆ.

"ದಿನಕ್ಕೆ ಒಂದು ತಿನ್ನುದು. ವಿಷವಾ ಅದು? ಕೂಗ್ಬೇಡ ಮಾರಾಯ್ತಿ," ಎಂದಳು ಅಮ್ಮ.

ಬಾಟಲಿಯನ್ನು ಕಿತ್ತುಕೊಂಡು ಕಪಾಟಿನ ಮೇಲಿಟ್ಟು, ಅದರ ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ಅಮ್ಮನ ಕಣ್ಣು, ಉಗುರು, ಒಸಡು ನೋಡುವುದೇ ನನ್ನ ಕೆಲಸವಾಯಿತು. ಮೂರನೆಯ ದಿನ ಅವನ ವಾಯ್ಸ್ ಮೆಸೇಜ್ ಬಂತು:

"ಅಕ್ಕ, ಹೆದರ್ಬೇಡ. ಜಪಾನಿನವರು ಅದಕ್ಕೆ ಉಕೋನ್ ಅಂತಾರೆ. ನಮ್ಮ ಹಡಗಿನ ಅಡುಗೆಯವ ಚೀನಾದವ, ಅವರಲ್ಲಿ ಜಿಯಾಂಗ್‌ಹುವಾಂಗ್ ಅಂತೆ. ಶುಂಠಿ ಹಳದಿ ಅಂತ ಅರ್ಥ. ಎಲ್ಲ ಒಂದೇ, ನಮ್ಮ ಅರಸಿನ."

ಅಯ್ಯೋ ದೇವರೇ, ಅರಸಿನ! ನೆಲದ ಮೇಲೆ ಕುಳಿತು ನಕ್ಕುಬಿಟ್ಟೆ. ಗಾಯಕ್ಕೆ ಒತ್ತುವುದು, ಸಾರಿಗೆ ಹಾಕುವುದು, ಹೊಸಿಲಿಗೆ ಹಚ್ಚುವುದು. ಅದರ ಎಲೆಯಲ್ಲಿ ಅಕ್ಕಿಹಿಟ್ಟು ಸುತ್ತಿ ನಾವು ಗಟ್ಟಿ ಎಂಬ ಕಡುಬು ಬೇಯಿಸಿ ತಿನ್ನುತ್ತೇವೆ. ಇದಕ್ಕಾ ನಾನು ಎರಡು ದಿನ ಅನ್ನ ಬಿಟ್ಟದ್ದು? ಬಾಟಲಿ ಇಳಿಸಿ ಅಮ್ಮನ ಕೈಗೆ ನಾನೇ ಕೊಟ್ಟೆ. "ಒಂದರಲ್ಲಿ ಎಂತ ಆಗ್ತದೆ? ಬೆಳಿಗ್ಗೆ ಎರಡು, ರಾತ್ರಿ ಎರಡು, ದಿನಕ್ಕೆ ನಾಲ್ಕು ತಿನ್ನು," ಎಂದೆ.

ಮುಂದಿನ ಸಲ ಡಾಕ್ಟರು ಕೇಳಿದಾಗಲೂ "ಎಂತದ್ದೂ ಇಲ್ಲ" ಎಂದೆವು. ಸುಳ್ಳು ಹೇಳಿದ್ದಲ್ಲ. ಅರಸಿನವನ್ನು ಮದ್ದೆಂದು ಹೇಳಬೇಕು ಎಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಎರಡು ವಾರ ಕಳೆದಿರಬೇಕು. ಬೆಳಿಗ್ಗೆ ಹಲ್ಲುಜ್ಜಲು ಹೋದ ಅಮ್ಮ ನನ್ನನ್ನು ಕರೆದಳು. ಬೇಸಿನ್ ತುಂಬ ಕೆಂಪು. ಬಾಯಿ ಮುಕ್ಕಳಿಸಿದಷ್ಟೂ ಒಸಡಿನಿಂದ ರಕ್ತ ಬರುತ್ತಲೇ ಇತ್ತು, ತೋಳಲ್ಲಿ ಅಂಗೈಯಗಲ ನೀಲಿ ಕಲೆ. ಬಿಕರ್ನಕಟ್ಟೆಯ ಸ್ಟ್ಯಾಂಡಿನಲ್ಲಿ ಆಸ್ಪತ್ರೆಗೆ ರಿಕ್ಷಾ ಹಿಡಿದೆವು. ಅವಳ ಬಾಯಿಗೆ ಒತ್ತಿಹಿಡಿದ ಬೈರಾಸು ಒದ್ದೆಯಾಗುತ್ತಾ ಹೋಯಿತು.

"ಅಮ್ಮ, ಮಾತಾಡು, ಎಂತಾದ್ರೂ ಮಾತಾಡು!"

"ಬಾಯಲ್ಲಿ ರಕ್ತ ಇಟ್ಕೊಂಡು ಎಂತ ಮಾತಾಡುದು?" ಎಂದು ಗದರಿದಳು. ಆ ಗದರಿಕೆಯೊಂದೇ ನನಗೆ ಧೈರ್ಯ.

ರಕ್ತದ ವರದಿ ನೋಡಿ ಡಾಕ್ಟರ ಮುಖ ಬದಲಾಯಿತು. ಎಂತ ತಿಂದದ್ದು, ಸರಿಯಾಗಿ ಹೇಳಿ ಎಂದರು. ಹೊರಡುವಾಗ ಅಮ್ಮನ ಮಾತ್ರೆಗಳ ಜೊತೆ ಬ್ಯಾಗಿಗೆ ತುರುಕಿದ್ದ ಬಾಟಲಿಯನ್ನು ನಾನು ತೆಗೆದಿಟ್ಟೆ. "ಬರೀ ಅರಸಿನ ಡಾಕ್ಟ್ರೇ. ದಿನಕ್ಕೆ ನಾಲ್ಕು."

"ಸಾರಿನ ಚಿಟಿಕೆ ಬೇರೆ, ಇದು ಬೇರೆ. ಇದರ ಸತ್ವ ಆ ಮಾತ್ರೆಯ ಜೊತೆ ಸೇರಿ ರಕ್ತವನ್ನು ಮತ್ತೂ ತೆಳು ಮಾಡ್ತದೆ. ತಲೆಯೊಳಗೆ ಸೋರಿದ್ರೆ ಎಂತ ಮಾಡ್ತಿದ್ರಿ?"

ಮೂರು ದಿನ ವಾರ್ಡಿನಲ್ಲಿದ್ದು ಅಮ್ಮ ಉಳಿದಳು. ಓದಲು ಬಾರದ ಅಕ್ಷರಕ್ಕೆ ಹೆದರಿದಷ್ಟು ದಿನ ನಾನು ಅವಳನ್ನು ಕಾಪಾಡಿದ್ದೆ.

ಮನೆಗೆ ಬಂದ ದಿನ ಸ್ಪೀಕರಿಗೆ ಹಾಕಿದ ಫೋನಿನಲ್ಲಿ ತಮ್ಮ ಅತ್ತ. "ನಾನು ಒಂದೇ ತಿನ್ನು ಹೇಳಿದ್ದಲ್ವಾ ಅಮ್ಮ? ನಾಲ್ಕು ತಿನ್ಲಿಕ್ಕೆ ಯಾರು ಹೇಳಿದ್ದು?"

ಅಮ್ಮ ನನ್ನ ಕಡೆ ನೋಡಲಿಲ್ಲ. "ಯಾರು ಹೇಳುದು? ಬೇಗ ಗುಣ ಆಗ್ಲಿ ಅಂತ ನಾನೇ ತಿಂದದ್ದು," ಎಂದಳು.

ಪಕ್ಕದಲ್ಲೇ ಕುಳಿತಿದ್ದ ನಾನು ಅವಳ ರಾತ್ರಿಯ ಮಾತ್ರೆ ಎಣಿಸಿಟ್ಟೆ. ನಾಲ್ಕು ತಿನ್ನು ಎಂದದ್ದು ನಾನೆಂದು ಅವನಿಗೆ ಇವತ್ತಿಗೂ ಹೇಳಿಲ್ಲ.