ನಟ ಕಲಿತದ್ದು

ಹಿಂದಿ ಸಿನಿಮಾದ ಒಬ್ಬ ನಟ ನೇಯ್ಗೆ ಕಲಿಯಲು ಇಳಕಲ್ಲಿನ ನಮ್ಮ ಮನೆಯಲ್ಲಿ ಮೂರು ದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಕಳ್ಳ, ಪೊಲೀಸ, ಮಾಸ್ತರ, ಹುಚ್ಚ, ಎಲ್ಲ ಪಾತ್ರ ಮಾಡಿ ಹೆಸರು ಪಡೆದವನಂತೆ. ಈ ಸಲ ನೇಕಾರ. ಆದರೆ ಲಾಳಿ ಅವನ ಕೈಗೆ ಹತ್ತಲಿಲ್ಲ. ಎಳೆ ಹರಿದಾಗೆಲ್ಲ ನಕ್ಕು ನನ್ನ ಮುಖ ನೋಡುತ್ತಿದ್ದ.

ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದು ನನ್ನ ಹೆಂಡತಿಯ ಕೆಲಸ. ಒಂದು ಎಳೆ ತಪ್ಪಿದರೆ ಬೈಯುವುದು ನನ್ನ ಕೆಲಸ.

ನಾಲ್ಕನೆಯ ದಿನ ಅದೇ ಮಗ್ಗದಲ್ಲಿ ಶೂಟಿಂಗ್. ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ಅವನ ಹೆಂಡತಿಯ ಪಾತ್ರದವಳು ಚಹಾ ತಂದಳು. ಅವನು ತಿರುಗಿಯೂ ನೋಡದೆ ಕೈಯನ್ನು ಹಿಂದಕ್ಕೆ ಚಾಚಿದ. ಕುಡಿದು ಕಪ್ಪನ್ನು ನೆಲಕ್ಕೆ ಕುಕ್ಕಿದ. ಅವಳು ಬಗ್ಗಿ ಎತ್ತಿಕೊಳ್ಳುವಾಗ, ಕಣ್ಣು ಎಲ್ಲಿಟ್ಟುಕೊಂಡು ಎಳೆ ಜೋಡಿಸಿದೆ ಎಂದು ಹಿಂದಿಯಲ್ಲಿ ಗದರಿದ.

"ಎಂಥಾ ಸೊಕ್ಕಿನ ಮನಷ್ಯಾ! ಇದನ್ನ ಯಾರು ಬರದಕೊಟ್ರು ಇವಗ?" ಎಂದೆ.

"ಬರದಕೊಟ್ಟಿದ್ದಲ್ರಿ, ನಿಮ್ಮನ್ನ ನೋಡಿ ಕಲ್ತಾನ" ಎಂದಳು ನನ್ನ ಹೆಂಡತಿ. "ಲಾಳಿ ಬರಲಿಲ್ಲ ಖರೆ, ಇದು ಮೂರ ದಿನದಾಗ ಬಂತು ನೋಡ್ರಿ."

ನಲವತ್ತು ವರ್ಷ ನಾನು ಚಾಚಿದ ಕೈ ಅದು. ಹಿಂದೆ ನಿಂತವರಿಗೆ ಹೇಗೆ ಕಾಣುತ್ತದೆ ಎಂದು ನೋಡಿರಲಿಲ್ಲ.

ನಟ ಬಂದು ನನ್ನ ಕಾಲು ಮುಟ್ಟಿ, ಚೆನ್ನಾಗಿ ಬಂತೇ ಎಂದು ಕೇಳಿದ.

"ಭಾಳ ಚಂದ ಬಂತ್ರಿ" ಎಂದು ನನ್ನ ಹೆಂಡತಿಯೇ ಹೇಳಿದಳು.

ಸಿನಿಮಾ ಬಂದಾಗ ತಂಗಿಯನ್ನು ಕರೆದುಕೊಂಡು ಬಾಗಲಕೋಟೆಗೆ ಹೋಗಿ ನೋಡಿ ಬಂದಳು. ನಾನು ಹೋಗಲಿಲ್ಲ.